ಪಾಲಿನ ಸೆಸ್ನಾ 172: ಇಂಜಿನ್‌ಗೆ 1,870 ಗಂಟೆ ಆಗಿದೆ, ನನ್ನ ಪಾಲು ಇಟ್ಟುಕೊಳ್ಳಲಾ, ಮಾರಿಬಿಡಲಾ?

ಅರಸೀಕೆರೆ172 (ಲಿವರ್‌ಮೋರ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ಸ್ವಂತ ವಿಮಾನ ಇಟ್ಟುಕೊಂಡು ಅದರ ಖರ್ಚು, ರಿಪೇರಿ ಎಲ್ಲ ಕಂಡವರ ಸಲಹೆ ಬೇಕು. ಸ್ವಲ್ಪ ಉದ್ದ ಬರೆದಿದ್ದೇನೆ.

ನಾವು ನಾಲ್ಕು ಜನ ಸೇರಿ ಒಂದು 1974ರ ಸೆಸ್ನಾ 172ಎಂ ಇಟ್ಟುಕೊಂಡಿದ್ದೇವೆ. 150 ಹಾರ್ಸ್‌ಪವರ್‌ನ ಲೈಕಮಿಂಗ್ ಇಂಜಿನ್. ನಾನು ಪಾಲು ತೆಗೆದುಕೊಂಡು ಒಂಬತ್ತು ವರ್ಷ ಆಯಿತು. ಲೈಸೆನ್ಸ್ ಅದಕ್ಕೂ ಮೊದಲೇ ಇತ್ತು. ಆದರೆ ಇಲ್ಲಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇಲ್ಲದೆ ವಿಮಾನವನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಆಗುವುದಿಲ್ಲ. ಕಾರ್ಡ್ ಬಂದ ತಿಂಗಳೇ ಪಾಲು ಕೊಂಡೆ. ಆ ದಿನ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಹಳೇದಾ, ಹೊಸದಾ?"

ಈಗ ಪಾಲುದಾರರಲ್ಲಿ ಒಬ್ಬರು ಬೇರೆ ರಾಜ್ಯಕ್ಕೆ ಹೋಗುತ್ತಿದ್ದಾರೆ. ಮಾರ್ಚ್‌ನಲ್ಲಿ ವಾರ್ಷಿಕ ತಪಾಸಣೆ ಬರುತ್ತದೆ, ಅಷ್ಟರೊಳಗೆ ಅವರ ಲೆಕ್ಕ ಚುಕ್ತಾ ಮಾಡಬೇಕು. ಅಲ್ಲಿಗೆ ಉಳಿಯುವುದು ಮೂರೇ ಜನ. ಇಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಸರಿಮಾಡಿ ಮತ್ತೆ ಜೋಡಿಸುವುದು) ಆದ ಮೇಲೆ 1,870 ಗಂಟೆ ಓಡಿದೆ. ಮತ್ತೆ ಓವರ್‌ಹಾಲ್ ಮಾಡಿಸಲು ಕಂಪನಿ ಹೇಳುವ ಲೆಕ್ಕ 2,000 ಗಂಟೆ. ಇನ್ನೊಂದು ಸಲ ಓವರ್‌ಹಾಲ್ ಮಾಡಿಸಲು ಎಷ್ಟಾಗುತ್ತದೆ ಅಂತ ಕೇಳಿದರೆ 38,000 ಡಾಲರ್ ಅಂದರು. ಮೂರು ಜನಕ್ಕೆ ಹಂಚಿದರೆ ತಲೆಗೆ 12,600ಕ್ಕಿಂತ ಜಾಸ್ತಿ. ನನ್ನ ಹೆಂಡತಿ "ಬೇಡ" ಅಂದಿಲ್ಲ. ಮಗಳು ಮುಂದಿನ ವರ್ಷ ಹೈಸ್ಕೂಲು ಸೇರುತ್ತಾಳೆ, ಅದನ್ನೂ ನೆನಪಿಟ್ಟುಕೋ ಅಂದಳು, ಅಷ್ಟೇ.

ದುಡ್ಡಿನ ಲೆಕ್ಕ ಹೇಗಾದರೂ ಮಾಡಬಹುದು. ನನಗೆ ಸುಸ್ತಾಗಿರುವುದು ಬೇರೆ ವಿಷಯಕ್ಕೆ.

ಮೊನ್ನೆ ಶನಿವಾರ ಬೆಳಿಗ್ಗೆ ಆರೂವರೆಗೆ ಏರ್‌ಪೋರ್ಟಿಗೆ ಹೋದೆ. ಹಾರುವ ಹಾಗಿರಲಿಲ್ಲ, ಸುಮ್ನೆ ನೋಡಿಕೊಂಡು ಬರೋಣ ಅಂತ. ನಮಗೆ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಇಲ್ಲ, ಬಯಲಲ್ಲೇ ಕಟ್ಟಿ ನಿಲ್ಲಿಸುತ್ತೇವೆ. ರೆಕ್ಕೆ ಮೇಲೆಲ್ಲ ಇಬ್ಬನಿ. ಎರಡು ದಿನ ಮಳೆ ಬಂದಿತ್ತಲ್ಲ, ಅಂತ ರೆಕ್ಕೆಯಡಿಯ ಡ್ರೈನ್‌ಗೆ ಕಪ್ ಒತ್ತಿ ಪೆಟ್ರೋಲ್ ತೆಗೆದು ನೋಡಿದೆ. ಬಲಗಡೆ ತಿಳಿನೀಲಿ, ಚೊಕ್ಕವಾಗಿತ್ತು. ಎಡಗಡೆ ಕಪ್ಪಿನ ತಳದಲ್ಲಿ ಎರಡು ಚಮಚದಷ್ಟು ನೀರು. ಟ್ಯಾಂಕಿನ ಹಳೇ ಮುಚ್ಚಳದ ರಬ್ಬರ್ ಸೋರುತ್ತಿದೆ. ಮೂರು ಸಲ ತೆಗೆದ ಮೇಲೆ ಪೂರ್ತಿ ನೀಲಿ ಬಂತು. ಆಮೇಲೆ ಒಳಗೆ ಸೀಟಿನಲ್ಲಿ ಇಪ್ಪತ್ತು ನಿಮಿಷ ಕೂತಿದ್ದೆ.

ಯಾಕೆ ಹಾರುವ ಹಾಗಿರಲಿಲ್ಲ ಅಂದರೆ ವಿಮೆ. ನಮ್ಮ ಒಪ್ಪಂದದಲ್ಲಿ ಪಾಲಿಸಿಯಲ್ಲಿ ಹೆಸರಿಲ್ಲದವರು ಹಾರಬಾರದು ಅಂತ ಬರೆದುಕೊಂಡಿದ್ದೇವೆ. ಈ ಸಲ ನವೀಕರಣ ಪೂರ್ತಿ ಆನ್‌ಲೈನ್. ಲೈಸೆನ್ಸ್, ಪಾಸ್‌ಪೋರ್ಟ್ ಎರಡನ್ನೂ ಅಪ್‌ಲೋಡ್ ಮಾಡಿದೆ. "ಹೆಸರು ಹೊಂದುತ್ತಿಲ್ಲ" ಅಂತ ಬಂತು. ಹೇಗೆ ಹೊಂದುತ್ತದೆ ಹೇಳಿ? ಊರ ಹೆಸರು, ಅಪ್ಪನ ಹೆಸರು, ಆಮೇಲೆ ನನ್ನ ಹೆಸರು. ಶಾಲೆಯಲ್ಲಿ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅವೆರಡನ್ನೂ ಬಿಡಿಸಿ ಬರೆದರು. ಇಲ್ಲಿ ಲೈಸೆನ್ಸ್ ಮಾಡಿಸುವಾಗ ಅಪ್ಪನ ಹೆಸರು ನನ್ನ ಕೊನೆಯ ಹೆಸರಾಯಿತು. ಮೂರೂ ನಾನೇ. ಇದನ್ನು ಒಬ್ಬ ಮನುಷ್ಯನಿಗೆ ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆದರೆ ಅಲ್ಲಿ ಮನುಷ್ಯ ಸಿಗುವುದಿಲ್ಲ. ಚಾಟ್ ತೆರೆದರೆ ಯಂತ್ರ ಉತ್ತರ ಕೊಡುತ್ತದೆ, "ದಯವಿಟ್ಟು ಸ್ಪಷ್ಟವಾದ ದಾಖಲೆ ಹಾಕಿ" ಅನ್ನುತ್ತದೆ. ಹಾಕಿದರೆ ಮತ್ತೆ ಅದೇ ಮಾತು. ಇವತ್ತಿಗೆ ಹತ್ತೊಂಬತ್ತು ದಿನ.

ನಾನು ಕೋಪದಲ್ಲಿ ಬರೆಯುತ್ತಿಲ್ಲ. ಬೇಜಾರಿನಲ್ಲಿ ಬರೆಯುತ್ತಿದ್ದೇನೆ. ಬ್ಯಾಂಕಿನಲ್ಲೂ ಇದೇ, ಆಸ್ಪತ್ರೆಯಲ್ಲೂ ಇದೇ, ಮಗಳ ಶಾಲೆಯಲ್ಲೂ ಇದೇ. ಮನೆಯ ವಾಷಿಂಗ್ ಮೆಷೀನ್ ಕೆಟ್ಟಾಗ ನಾನೇ ಬಿಚ್ಚಿದೆ. ಒಳಗೆ ಮೋಟಾರ್ ಚೆನ್ನಾಗಿತ್ತು, ಒಂದು ಬೋರ್ಡ್ ಹೋಗಿತ್ತು. ಆ ಬೋರ್ಡ್ ಬಿಡಿಯಾಗಿ ಸಿಗುವುದಿಲ್ಲ ಅಂದರು.

ನಮ್ಮ ವಿಮಾನದ ಲಾಗ್‌ಬುಕ್ಕುಗಳು 1974ರಿಂದ ಇವೆ. ಒಂದೂ ಕಳೆದಿಲ್ಲ. 1983ರಲ್ಲಿ ಯಾರೋ ಒಬ್ಬ ಮೆಕ್ಯಾನಿಕ್ ಎಡಗಡೆಯ ಮ್ಯಾಗ್ನೆಟೋ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಭಾಗ) ಬದಲಾಯಿಸಿದ್ದಾನೆ. ಎಷ್ಟು ಗಂಟೆಗೆ ಬದಲಾಯಿಸಿದೆ, ಯಾವ ಸೀರಿಯಲ್ ನಂಬರ್ ಹಾಕಿದೆ ಅಂತ ಬರೆದು, ಕೆಳಗೆ ತನ್ನ ಹೆಸರು ಮತ್ತು ಸರ್ಟಿಫಿಕೇಟ್ ನಂಬರ್ ಹಾಕಿದ್ದಾನೆ. ಅಕ್ಷರ ಸ್ವಲ್ಪ ಓರೆ. ಆತ ಯಾರೋ ನನಗೆ ಗೊತ್ತಿಲ್ಲ, ಆದರೆ ಆ ಕೆಲಸಕ್ಕೆ ಒಬ್ಬ ಮನುಷ್ಯ ಹೊಣೆ ಹೊತ್ತಿದ್ದ. ನಾನೂ ಅದೇ ಪುಸ್ತಕದಲ್ಲಿ ಬರೆಯುತ್ತೇನೆ. ಆಯಿಲ್ ಬದಲಾಯಿಸುವುದು, ಸ್ಪಾರ್ಕ್ ಪ್ಲಗ್ ತೆಗೆದು ಸ್ವಚ್ಛ ಮಾಡುವುದು, ಟೈರ್ ಹಾಕುವುದು, ಇಂಥವನ್ನು ಪೈಲಟ್ ಆದ ಮಾಲೀಕನೇ ಮಾಡಿ ಸಹಿ ಹಾಕಲು ಇಲ್ಲಿನ ವಿಮಾನಯಾನ ಇಲಾಖೆ ಎಫ್ಎಎ ನಿಯಮದಲ್ಲೇ ಅವಕಾಶ ಇದೆ.

ಅರಸೀಕೆರೆ ಹತ್ತಿರ ನಮ್ಮದು ತೆಂಗಿನ ತೋಟ. ಅಪ್ಪ ಡೀಸೆಲ್ ಪಂಪ್‌ಸೆಟ್ ಕೆಟ್ಟಾಗ ಗೋಣಿಚೀಲ ಹಾಸಿ ತಾವೇ ಬಿಚ್ಚುತ್ತಿದ್ದರು. ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸುವುದು ನನ್ನ ಕೆಲಸ. ಈಗಲೂ ಇಂಜಿನ್ ಮೇಲಿನ ಹೊದಿಕೆ, ಕೌಲಿಂಗ್, ಬಿಚ್ಚಿದಾಗ ಸ್ಕ್ರೂಗಳನ್ನು ಹಾಗೇ ಜೋಡಿಸುತ್ತೇನೆ. ನನ್ನ ಹತ್ತಿರ ಇರುವ ವಸ್ತುಗಳಲ್ಲಿ ಬಿಚ್ಚಿ ನೋಡಬಹುದಾದದ್ದು ಇದೊಂದೇ ಉಳಿದಿದೆ.

ಅದಕ್ಕೇ ಕೇಳುತ್ತಿದ್ದೇನೆ. 2,000 ಗಂಟೆ ದಾಟಿಸಿ ಓಡಿಸಿದವರು ಯಾರಾದರೂ ಇದ್ದೀರಾ? ಮೂರೇ ಜನ ಇಟ್ಟುಕೊಂಡರೆ ನಡೆಯುತ್ತದಾ? ಈ ಫಾರಂ, ಪಾಸ್‌ವರ್ಡ್, ಆ್ಯಪ್‌ಗಳ ನಡುವೆ ನೀವೆಲ್ಲ ಹಾರುವ ಉತ್ಸಾಹ ಹೇಗೆ ಉಳಿಸಿಕೊಂಡಿದ್ದೀರಿ?

---

ಕಬ್_ತಾತ (ಟೆಕ್ಸಸ್)

ತಮ್ಮಾ, ನಾನು ತಿಪಟೂರು ಕಡೆಯವನು, ನಿಮ್ಮ ಪಕ್ಕದವನೇ. ವಯಸ್ಸು 74. ನನ್ನ ಹತ್ತಿರ 1946ರ ಪೈಪರ್ ಜೆ-3 ಕಬ್ ಇದೆ. 65 ಹಾರ್ಸ್‌ಪವರ್.

ಮೊದಲು ಇಂಜಿನ್ ವಿಷಯ. ಆ 2,000 ಅನ್ನುವುದು ಕಂಪನಿಯ ಸಲಹೆ. ಬಾಡಿಗೆಗೆ ಕೊಡದೆ ಸ್ವಂತಕ್ಕೆ ಹಾರಿಸುವ ನಮ್ಮಂಥವರಿಗೆ ಕಾನೂನಿನಲ್ಲಿ ಅದು ಕಡ್ಡಾಯ ಅಲ್ಲ. ಇಂಜಿನ್ ಹೇಗಿದೆ ಅಂತ ಇಂಜಿನ್ನನ್ನೇ ಕೇಳಬೇಕು. ಪ್ರತಿ ಸಿಲಿಂಡರಿಗೂ 80 ಪೌಂಡ್ ಒತ್ತಡದ ಗಾಳಿ ಬಿಟ್ಟು ಎಷ್ಟು ಹಿಡಿಯುತ್ತದೆ ನೋಡು. ಪ್ಲಗ್ಗಿನ ತೂತಿನಿಂದ ಬೋರ್‌ಸ್ಕೋಪ್ (ಒಳಗೆ ನೋಡುವ ಸಣ್ಣ ಕ್ಯಾಮೆರಾ) ಇಳಿಸಿ, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವಿನ ಬಣ್ಣ ನೋಡು. ವಾಲ್ವಿನ ಮುಖದಲ್ಲಿ ಬಣ್ಣ ದುಂಡಗೆ, ಎಲ್ಲಾ ಕಡೆ ಒಂದೇ ಸಮ ಇರಬೇಕು. ಒಂದು ಅಂಚಿನಲ್ಲಿ ಮಾತ್ರ ಬೇರೆ ಬಣ್ಣ ತಿರುಗಿದ್ದರೆ ಆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಸುಡುತ್ತಿದೆ ಅಂತ ಅರ್ಥ. ಆಯಿಲ್ ಬದಲಾಯಿಸಿದಾಗಲೆಲ್ಲ ಫಿಲ್ಟರ್ ಕತ್ತರಿಸಿ ಪದರ ಬಿಡಿಸಿ ಲೋಹದ ಚೂರು ಇದೆಯಾ ನೋಡು, ಸ್ಯಾಂಪಲ್ ಲ್ಯಾಬಿಗೆ ಕಳಿಸು. ಒಂದು ಕ್ವಾರ್ಟ್ (ಲೀಟರಿಗೆ ಸ್ವಲ್ಪ ಕಮ್ಮಿ) ಆಯಿಲ್ ಎಷ್ಟು ಗಂಟೆಗೆ ಖರ್ಚಾಗುತ್ತದೆ ಅಂತ ಬರೆದಿಡು. ಈ ನಾಲ್ಕೂ ಸರಿ ಇದ್ದು, ನಿಮ್ಮ ಮೆಕ್ಯಾನಿಕ್ಕೂ ಒಪ್ಪಿದರೆ 2,000 ದಾಟಿಸಬಹುದು. ನಾನು ಮೊದಲು ಇಟ್ಟಿದ್ದ ವಿಮಾನದಲ್ಲಿ ದಾಟಿಸಿದ್ದೇನೆ. ಆದರೂ ಓವರ್‌ಹಾಲ್ ಹಣವನ್ನು ಗಂಟೆಗೆ ಇಷ್ಟು ಅಂತ ಎತ್ತಿಡುವುದನ್ನು ಇವತ್ತಿನಿಂದಲೇ ಶುರುಮಾಡಿ.

ಗಂಟೆಗಿಂತ ನನಗೆ ಹೆದರಿಕೆ ಆ ಹತ್ತೊಂಬತ್ತು ದಿನದ್ದು. ಲೈಕಮಿಂಗ್‌ನಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಮೇಲ್ಗಡೆ ಇದೆ. ಇಂಜಿನ್ ನಿಂತರೆ ಆಯಿಲ್ ಕೆಳಕ್ಕೆ ಇಳಿದುಬಿಡುತ್ತದೆ, ಕ್ಯಾಮ್ ಬರಿದಾಗುತ್ತದೆ, ತೇವ ಕೂರುತ್ತದೆ, ತುಕ್ಕು ಹಿಡಿಯುತ್ತದೆ. ಬರೀ 600 ಗಂಟೆ ಓಡಿ ಎರಡು ವರ್ಷ ನಿಂತಿದ್ದ ಇಂಜಿನ್ ಬಿಚ್ಚಿದಾಗ ನಾನು ಪಕ್ಕದಲ್ಲಿದ್ದೆ. ಕ್ಯಾಮ್ ಮೇಲೆ ಸಿಡುಬಿನ ಕಲೆಗಳ ಹಾಗೆ ಗುಳಿ. ಹಾಗಂತ ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆರಿಸಬೇಡ. ಅದು ಇನ್ನೂ ಕೆಟ್ಟದ್ದು. ಆಯಿಲ್ 180 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿ ಅರ್ಧ ಗಂಟೆಯಾದರೂ ಅಲ್ಲೇ ಇರಬೇಕು, ಆಗ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಅಷ್ಟು ಬಿಸಿ ಬರುವುದು ಹಾರಿದರೆ ಮಾತ್ರ. ನಿನ್ನ ಪಾಲುದಾರರಲ್ಲಿ ವಿಮೆ ಆಗಿರುವವರು ಇರಬೇಕಲ್ಲ? ಈ ವಾರವೇ ಒಬ್ಬರು ಹಾರಿಸಲಿ. ಮುಚ್ಚಳದ ರಬ್ಬರೂ ಬದಲಾಯಿಸಿ. ಅದಕ್ಕೆ ಕಾಯಬೇಡಿ.

ಇನ್ನು ಹೆಸರಿನ ಗೋಳು. ನಾನು 40 ವರ್ಷದ ಹಿಂದೆಯೇ ಪಟ್ಟಿದ್ದೇನೆ. ನೋಟರಿ ಹತ್ತಿರ ಹೋಗಿ ಒಂದು ಪುಟದ ಅಫಿಡವಿಟ್ ಮಾಡಿಸು. ಮೂರು ಬಗೆಯ ಹೆಸರನ್ನೂ ಬರೆದು "ಈ ಮೂರೂ ಒಬ್ಬನೇ ವ್ಯಕ್ತಿ" ಅಂತ ಸಹಿ ಹಾಕಿಸು. ನಾಲ್ಕು ಪ್ರತಿ ಇಟ್ಟುಕೋ. ಆಮೇಲೆ ಆ ಚಾಟ್ ಬಿಟ್ಟು ಒಬ್ಬ ಬ್ರೋಕರ್‌ನ ಹುಡುಕು. ವಿಮಾನದ ವಿಮೆ ಮಾಡಿಸುವ ಸಣ್ಣ ಆಫೀಸುಗಳು ಈಗಲೂ ಇವೆ, ಫೋನ್ ಎತ್ತುತ್ತಾರೆ.

ಉತ್ಸಾಹದ ಬಗ್ಗೆ ಕೇಳಿದೆ. ಹೋದ ವರ್ಷ ನನ್ನ ಹೆಂಡತಿಗೆ ಕಾಯಿಲೆ. ಒಂದು ಅಪಾಯಿಂಟ್‌ಮೆಂಟಿಗೆ ಪೋರ್ಟಲ್, ರಿಪೋರ್ಟಿಗೆ ಇನ್ನೊಂದು ಪೋರ್ಟಲ್, ಔಷಧಿಗೆ ಮತ್ತೊಂದು. ಆರು ತಿಂಗಳು ನಾನು ಪಾಸ್‌ವರ್ಡ್ ಬರೆದ ಪುಸ್ತಕ ಕೈಯಲ್ಲಿ ಹಿಡಿದೇ ಓಡಾಡಿದೆ. ಅವಳು ಈಗ ಚೆನ್ನಾಗಿದ್ದಾಳೆ. ಆ ಆರು ತಿಂಗಳಲ್ಲಿ ಗುರುವಾರ ಸಂಜೆ ಒಂದು ಗಂಟೆ ಅವಳೇ ನನ್ನನ್ನು ಹೊರಗೆ ಕಳಿಸುತ್ತಿದ್ದಳು, "ಹಾರಿ ಬನ್ನಿ" ಅಂತ. ಕಬ್‌ನಲ್ಲಿ ವಿದ್ಯುತ್ತೇ ಇಲ್ಲ. ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ. ಇಂಥ ವಿಮಾನಕ್ಕೆ 2020ರ ಜನವರಿಯಿಂದ ಬಂದ ಎಡಿಎಸ್-ಬಿ (ವಿಮಾನ ಎಲ್ಲಿದೆ ಅಂತ ರೇಡಿಯೋದಲ್ಲಿ ತಾನೇ ತಿಳಿಸುವ ಯಂತ್ರ) ನಿಯಮದಲ್ಲೂ ವಿನಾಯಿತಿ ಇದೆ, ದೊಡ್ಡ ಏರ್‌ಪೋರ್ಟುಗಳ ಆಕಾಶದಿಂದ ದೂರ ಇದ್ದರೆ ಸಾಕು. ಬಾಲ ಕಟ್ಟಿ, ತಿಳಿದವರೊಬ್ಬರನ್ನು ಬ್ರೇಕ್ ಮೇಲೆ ಕೂರಿಸಿ, ಪ್ರೊಪೆಲ್ಲರನ್ನು ಕೈಯಿಂದಲೇ ತಿರುಗಿಸುತ್ತೇನೆ. ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವುದು ಕಾರ್ಕ್‌ಗೆ ಚುಚ್ಚಿದ ಒಂದು ತಂತಿ. ಟ್ಯಾಂಕ್ ಖಾಲಿಯಾದಂತೆ ತಂತಿ ಕೆಳಕ್ಕೆ ಇಳಿಯುತ್ತದೆ. ಒಬ್ಬನೇ ಇದ್ದಾಗ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ತೆರೆದೇ ಹಾರುತ್ತೇನೆ. ಯಾರದೋ ಹೊಲದಲ್ಲಿ ಹುಲ್ಲು ಕೊಯ್ದ ವಾಸನೆ 500 ಅಡಿ ಮೇಲಕ್ಕೂ ಬರುತ್ತದೆ.

ಮಾರಬೇಡ.

---

ಮಲೆನಾಡ_ಮೋಡ (ಬರ್ಮಿಂಗ್‌ಹ್ಯಾಮ್ ಹತ್ತಿರ, ಇಂಗ್ಲೆಂಡ್)

ತಾತನವರ ಮಾತಿಗೆ ಗೌರವ ಇಟ್ಟೇ ಇನ್ನೊಂದು ಕಡೆ ಹೇಳುತ್ತೇನೆ. ನಾನು ಡಾಕ್ಟರ್. ನಾವು ಎಂಟು ಜನ ಸೇರಿ ಒಂದು ಪೈಪರ್ ಪಿಎ-28 ಇಟ್ಟುಕೊಂಡಿದ್ದೆವು. 2019ರಲ್ಲಿ ನನ್ನ ಪಾಲು ಮಾರಿದೆ.

ಅರಸೀಕೆರೆಯವರೇ, ನೀವು ಒಂದು ಸಂಖ್ಯೆ ಹೇಳಿಲ್ಲ. ಕಳೆದ ವರ್ಷ ಎಷ್ಟು ಗಂಟೆ ಹಾರಿದಿರಿ?

ನಾನು ಮಾರುವ ಹಿಂದಿನ ವರ್ಷ ಹಾರಿದ್ದು ಒಂಬತ್ತು ಗಂಟೆ. ಆಗ ಇಲ್ಲಿ ರೇಟಿಂಗ್ (ಆ ಬಗೆಯ ವಿಮಾನ ಹಾರಿಸುವ ಅನುಮತಿ) ಎರಡು ವರ್ಷಕ್ಕೊಮ್ಮೆ ಉಳಿಸಿಕೊಳ್ಳಬೇಕಿತ್ತು. ಎರಡನೇ ವರ್ಷದಲ್ಲಿ 12 ಗಂಟೆ ಹಾರಿರಬೇಕಿತ್ತು, ಅದರಲ್ಲಿ ಒಂದು ಗಂಟೆ ಬೋಧಕರ ಜೊತೆ. ಇಲ್ಲವಾದರೆ ಪರೀಕ್ಷೆ. ಆ 12ನ್ನೂ ಮುಟ್ಟಲು ನನ್ನಿಂದ ಆಗಲಿಲ್ಲ. ಶನಿವಾರ ಬಿಡುವಿದ್ದರೆ ಮೋಡ 600 ಅಡಿಗೆ ಇಳಿದಿರುತ್ತಿತ್ತು. ಬಿಸಿಲಿದ್ದ ದಿನ ನನಗೆ ಡ್ಯೂಟಿ. ಒಮ್ಮೆ ಏಳು ವಾರದ ನಂತರ ಹೋಗಿ ಇಳಿಯುವಾಗ ಪಕ್ಕಗಾಳಿಗೆ ಕೈ ತಡವಾಯಿತು. ವಿಮಾನ ರನ್‌ವೇ ಅಂಚಿಗೆ ಸರಿದು ಒಂದು ಚಕ್ರ ಹುಲ್ಲಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಪಕ್ಕದಲ್ಲಿ ನನ್ನ ತಮ್ಮ ಕೂತಿದ್ದ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಪರೂಪಕ್ಕೆ ಹಾರುವುದು ಅಪಾಯ. ವಿಮಾನ ನಿಂತರೆ ತುಕ್ಕು ಹಿಡಿಯುತ್ತದೆ ಅಂತ ತಾತ ಹೇಳಿದರಲ್ಲ, ಪೈಲಟ್‌ಗೂ ಹಾಗೇ ಆಗುತ್ತದೆ. ನಿಮಗೆ ವರ್ಷಕ್ಕೆ 15 ಗಂಟೆ ಮಾತ್ರ ಆಗುತ್ತಿದ್ದರೆ ಮಾರಿಬಿಡಿ. ಕ್ಲಬ್ಬಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಪ್ರತಿ ಸಲ ಬೋಧಕರ ಜೊತೆ ಹಾರಿ. 12,600 ಡಾಲರಿಗೆ ಎಷ್ಟು ಗಂಟೆ ಬರುತ್ತದೆ ಲೆಕ್ಕ ಹಾಕಿ. 40 ಗಂಟೆ ಆಗುತ್ತಿದ್ದರೆ ಇಟ್ಟುಕೊಳ್ಳಿ, ನಾನು ಎರಡು ಮಾತಾಡುವುದಿಲ್ಲ.

ಮಾರಿದ್ದು ತಪ್ಪು ಅಂತ ನನಗೆ ಅನಿಸಿಲ್ಲ. ಆದರೆ ಆ ಎಂಟು ಜನರ ಜೊತೆ ಭಾನುವಾರ ವಿಮಾನ ತೊಳೆಯುತ್ತಿದ್ದದ್ದು ನೆನಪಾಗುತ್ತದೆ. ಒಬ್ಬರು ರೈಲ್ವೆ ಸಿಗ್ನಲ್ ರಿಪೇರಿಯವರು, ಇನ್ನೊಬ್ಬರು ಶಾಲೆಯ ಅಡುಗೆಯವರು. ಆಸ್ಪತ್ರೆಯ ಹೊರಗೆ ನನಗೆ ಬೇರೆ ಎಲ್ಲೂ ಇಷ್ಟು ಸಲೀಸಾಗಿ ಸ್ನೇಹ ಆಗಲಿಲ್ಲ.

---

ಜಕ್ಕೂರಿನಾಕೆ (ಬೆಂಗಳೂರು)

ಹತ್ತೊಂಬತ್ತು ದಿನ ಅಂತ ಓದಿ ಹೊಟ್ಟೆ ಉರಿಯಿತು, ಅಣ್ಣ. ಹೆಸರಿನ ವಿಷಯ ಇಲ್ಲೂ ತಪ್ಪಿದ್ದಲ್ಲ. ಆಧಾರ್‌ನಲ್ಲಿ ಒಂದು ಥರ, ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ, ಮದುವೆ ಆದ ಮೇಲೆ ಮಗದೊಂದು.

ನನ್ನದು ಎರಡು ಸೀಟಿನ ಮೈಕ್ರೋಲೈಟ್ (ತೀರಾ ಹಗುರದ ವಿಮಾನ), ತಮ್ಮನ ಜೊತೆ ಸೇರಿ ಕೊಂಡಿದ್ದು. 80 ಹಾರ್ಸ್‌ಪವರ್ ರೋಟ್ಯಾಕ್ಸ್ 912 ಇಂಜಿನ್. ನಮ್ಮ ದೊಡ್ಡ ತಲೆನೋವು ಪೆಟ್ರೋಲ್. ಮೊದಲೆಲ್ಲ ರಸ್ತೆ ಬದಿಯ ಬಂಕಿನಿಂದ ಕ್ಯಾನಿನಲ್ಲಿ ತಂದು, ಸೋಸಿ ಹಾಕಿದರೆ ನಡೆಯುತ್ತಿತ್ತು. ಈ ಇಂಜಿನ್ ಕಾರಿನ ಪೆಟ್ರೋಲಿಗೆಂದೇ ಮಾಡಿದ್ದು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ್ದು. ರೋಟ್ಯಾಕ್ಸ್‌ನವರು ಒಪ್ಪುವುದು ಶೇ. 10ರವರೆಗೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ಸ್ಕೂಟರ್ ಕೆಮ್ಮಿದರೆ ಬದಿಗೆ ನಿಲ್ಲಿಸಬಹುದು. ಜಕ್ಕೂರಿನ ಸುತ್ತ ಎಲ್ಲಿ ನಿಲ್ಲಿಸುತ್ತೀರಿ? ಒಂದು ಕಡೆ ಕೆರೆ, ಉಳಿದೆಲ್ಲ ಕಡೆ ಅಪಾರ್ಟ್‌ಮೆಂಟ್.

ಯಾರಿಗಾದರೂ ಉಪಯೋಗ ಆಗಬಹುದು, ಪರೀಕ್ಷೆ ಮಾಡುವ ರೀತಿ ಹೇಳುತ್ತೇನೆ. ಅಳತೆ ಗೆರೆ ಇರುವ ಗಾಜಿನ ಕೊಳವೆಯಲ್ಲಿ ಹತ್ತು ಪಾಲು ನೀರು ಹಾಕಿ. ಮೇಲೆ ನೂರು ಪಾಲು ಪೆಟ್ರೋಲ್. ಮುಚ್ಚಿ ಚೆನ್ನಾಗಿ ಅಲುಗಿಸಿ ಹತ್ತು ನಿಮಿಷ ಬಿಡಿ. ಎಥನಾಲ್ ಇದ್ದರೆ ಅದು ಪೆಟ್ರೋಲ್ ಬಿಟ್ಟು ನೀರಿನ ಜೊತೆ ಸೇರಿಕೊಳ್ಳುತ್ತದೆ, ತಳದ ನೀರಿನ ಮಟ್ಟ ಗೆರೆ ದಾಟಿ ಮೇಲೆ ಬರುತ್ತದೆ. ಪ್ರತಿ ಕ್ಯಾನಿಗೂ ಮಾಡುತ್ತೇವೆ. ಈಗ ನಾವು ಬಳಸುವುದು ವಿಮಾನಕ್ಕೆಂದೇ ಇರುವ ಪೆಟ್ರೋಲ್, 100ಎಲ್ಎಲ್. ಒಂದು ಸಮಾಧಾನ ಅಂದರೆ 2022ರಿಂದ ಇಂಡಿಯನ್ ಆಯಿಲ್‌ನವರು ವಡೋದರಾದಲ್ಲೇ ಅದನ್ನು ತಯಾರಿಸುತ್ತಿದ್ದಾರೆ, ಮೊದಲು ಹೊರದೇಶದಿಂದಲೇ ಬರಬೇಕಿತ್ತು. ಆದರೆ ಅದರಲ್ಲಿ ಸೀಸ ಇದೆ. ರೋಟ್ಯಾಕ್ಸಿನ ಆಯಿಲ್ ಬೇಗ ಬೇಗ ಬದಲಾಯಿಸಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸಿನಲ್ಲಿ ಮಸಿ ಕೂರುತ್ತದೆ.

ಇನ್ನು ಹೆಬ್ಬಾಳ. ಬಸವನಗುಡಿಯಿಂದ ಹೊರಟು ಹೆಬ್ಬಾಳ ಫ್ಲೈಓವರ್ ದಾಟುವ ಹೊತ್ತಿಗೆ ಒಂದೂವರೆ ಗಂಟೆ ಆಗಿರುತ್ತದೆ. ಹಾರುವುದು ಇಪ್ಪತ್ತು ನಿಮಿಷ. 2025ರ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ನಡೆದಾಗ ಅದೂ ಇಲ್ಲ, ಹ್ಯಾಂಗರ್ ಬಾಗಿಲಲ್ಲಿ ನಿಂತು ಜೆಟ್‌ಗಳನ್ನು ನೋಡಿದೆವು. ಆದರೂ ಬೆಳಿಗ್ಗೆ ಐದಕ್ಕೆ ಏಳುವುದು ನನಗೆ ಭಾರ ಅನಿಸಿದ್ದೇ ಇಲ್ಲ. ಮೇಲೆ ಹೋದ ಮೊದಲ ಎರಡು ನಿಮಿಷದಲ್ಲಿ ಜಕ್ಕೂರು ಕೆರೆ ಕಾಣುತ್ತದೆ, ಇನ್ನೂ ಸ್ವಲ್ಪ ಏರಿದರೆ ದೂರದಲ್ಲಿ ನಂದಿಬೆಟ್ಟ. ನಾನು ಹಲ್ಲಿನ ಡಾಕ್ಟರ್. ದಿನಪೂರ್ತಿ ಒಂದು ಅಂಗೈ ಅಗಲದ ಜಾಗ ನೋಡುತ್ತಾ ಕೂರುವ ಕೆಲಸ. ಅಷ್ಟು ದೂರ ನೋಡುವುದು ನನ್ನ ಕಣ್ಣಿಗೆ ಬೇಕು.

ಮೂವರು ಸಾಕಾ ಅಂತ ಕೇಳಿದಿರಿ. ನಾವು ಇಬ್ಬರೇ. ಜಗಳ ಬಂದಿರುವುದು ಒಂದೇ ಸಲ, ಯಾರು ಪೆಟ್ರೋಲ್ ತುಂಬಿಸದೆ ಬಿಟ್ಟರು ಅಂತ. ಆಮೇಲೆ ಒಂದು ನೋಟ್‌ಬುಕ್ ಇಟ್ಟೆವು.

---

ಅರಸೀಕೆರೆ172

ಡಾಕ್ಟರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಲಾಗ್‌ಬುಕ್ ತೆಗೆದು ಕೂಡಿಸಿದೆ. ಕಳೆದ ಹನ್ನೆರಡು ತಿಂಗಳಲ್ಲಿ 31 ಗಂಟೆ. ಅದಕ್ಕೂ ಹಿಂದಿನ ವರ್ಷ 46. ಕಡಿಮೆ ಆಗುತ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ತಿಂಗಳು ತಿಂಗಳು ನೋಡಿದರೆ, ಆಫೀಸಿನಲ್ಲಿ ರಾತ್ರಿ ಫೋನ್ ಎತ್ತುವ ಪಾಳಿ ಶುರುವಾದ ಜೂನ್‌ನಿಂದಲೇ ಇಳಿದಿದೆ. ನಿಮ್ಮ ತಮ್ಮ ಪಕ್ಕದಲ್ಲಿ ಕೂತಿದ್ದರು ಅಂತ ಬರೆದಿರಲ್ಲ, ಅದನ್ನು ಓದಿ ನನ್ನ ಮಗಳನ್ನು ನೆನೆದೆ.

ಜಕ್ಕೂರಿನ ಅಕ್ಕ, ಸೀಸದ ಬಗ್ಗೆ ನನಗೂ ಕೊರೆಯುತ್ತಿದೆ. ಕಾರಿನ ಪೆಟ್ರೋಲಿನಿಂದ ಸೀಸ ಪೂರ್ತಿ ಹೋಗಿದ್ದು ಇಲ್ಲಿ 1996ಕ್ಕೆ, ಭಾರತದಲ್ಲಿ 2000ಕ್ಕೆ. ನಮ್ಮ ಸಣ್ಣ ವಿಮಾನಗಳು ಇನ್ನೂ ಅದನ್ನೇ ಸುಡುತ್ತಿವೆ. ಪಕ್ಕದ ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ಏರ್‌ಪೋರ್ಟಿನಲ್ಲಿ 2022ರ ಜನವರಿಯಿಂದ 100ಎಲ್ಎಲ್ ಮಾರಾಟ ನಿಲ್ಲಿಸಿದರು, ಸುತ್ತಲಿನ ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಇದೆ ಅಂತ ಅಧ್ಯಯನದಲ್ಲಿ ಬಂದಿತ್ತು. 2031ರಿಂದ ಇಡೀ ಕ್ಯಾಲಿಫೋರ್ನಿಯಾದಲ್ಲಿ ಮಾರುವಂತಿಲ್ಲ ಅಂತ ಕಾನೂನೂ ಆಗಿದೆ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ನಮ್ಮ ಇಂಜಿನ್‌ನ ಕಂಪ್ರೆಷನ್ ಕಡಿಮೆ, ಸೀಸವಿಲ್ಲದ 94 ಆಕ್ಟೇನ್ ಪೆಟ್ರೋಲಿನಲ್ಲೂ ಓಡುತ್ತದೆ. ಹೆಚ್ಚು ಕಂಪ್ರೆಷನ್ ಇರುವ ಇಂಜಿನ್‌ನವರ ಕಷ್ಟ ಬೇರೆ, ಅವರಿಗೆ ಆ ಪೆಟ್ರೋಲ್ ಸಾಲದು.

ತಾತ, ನೀವು ಹೇಳಿದ ಹಾಗೆ ನಿನ್ನೆ ಪಾಲುದಾರರೊಬ್ಬರು ಒಂದು ಗಂಟೆ ಹಾರಿಸಿದರು. ಆಯಿಲ್ ಬಿಸಿ ಸರಿಯಾಗಿ ಏರಿತಂತೆ. ಬೋರ್‌ಸ್ಕೋಪ್ ಯಾವ ಥರದ್ದು ಕೊಳ್ಳಲಿ? ನಾಳೆ ನೋಟರಿ ಹತ್ತಿರ ಹೋಗುತ್ತೇನೆ.

---

ಕಬ್_ತಾತ

ತುದಿ ಬಾಗುವಂಥ ಬೋರ್‌ಸ್ಕೋಪ್ ತೆಗೆದುಕೋ. ನೇರ ಇದ್ದರೆ ಪಿಸ್ಟನ್ ತಲೆ ಕಾಣುತ್ತದೆ, ವಾಲ್ವ್ ಕಾಣುವುದಿಲ್ಲ. ತುಂಬಾ ದುಬಾರಿಯದ್ದು ಬೇಡ. ನೋಡುವ ಮೊದಲು ಪ್ರೊಪೆಲ್ಲರ್ ತಿರುಗಿಸಿ ಆ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆಸು. ಮ್ಯಾಗ್ನೆಟೋ ಆಫ್ ಇದೆಯಾ, ಎಲ್ಲಾ ಪ್ಲಗ್ಗಿನ ವೈರ್ ಬಿಚ್ಚಿದೆಯಾ ಅಂತ ಎರಡು ಸಲ ನೋಡಿಯೇ ಪ್ರೊಪೆಲ್ಲರಿಗೆ ಕೈ ಹಾಕು. ನಾಲ್ಕೂ ವಾಲ್ವಿನ ಫೋಟೋ ತೆಗೆದು ತಾರೀಖು ಹಾಕಿಡು, ಮುಂದಿನ ಸಲ ಹೋಲಿಸಬಹುದು.

ಡಾಕ್ಟರ್ ಹೇಳಿದ್ದು ನಿಜ. 31ನ್ನು 20ಕ್ಕೆ ಇಳಿಯಲು ಬಿಡಬೇಡ.

---

ಅರಸೀಕೆರೆ172

ಹತ್ತು ದಿನದ ನಂತರ ಬರೆಯುತ್ತಿದ್ದೇನೆ.

ಅಫಿಡವಿಟ್ ಮಾಡಿಸಿದೆ. ಪಕ್ಕದ ಊರಿನಲ್ಲಿ ಒಬ್ಬ ಬ್ರೋಕರ್ ಸಿಕ್ಕರು. ಎರಡನೇ ರಿಂಗಿಗೇ ಫೋನ್ ಎತ್ತಿದರು. ನಮ್ಮ ಕಡೆ ಹೆಸರು ಹೇಗೆ ಇಡುತ್ತಾರೆ ಅಂತ ಕೇಳಿದರು, ಹೇಳಿದೆ. "ಹಾಗಾದರೆ ಮೊದಲನೆಯದು ನಿಮ್ಮ ಊರು!" ಅಂತ ಅವರಿಗೆ ಖುಷಿ. ಅರಸೀಕೆರೆ ಎಲ್ಲಿದೆ ಅಂತ ಮ್ಯಾಪಿನಲ್ಲಿ ನೋಡಿದರು. ಎರಡು ದಿನದಲ್ಲಿ ನನ್ನ ಹೆಸರು ಪಾಲಿಸಿಯಲ್ಲಿ ಬಂತು.

ಭಾನುವಾರ ಹಾರಿದೆ. ಮೊದಲು ಒಬ್ಬನೇ ಮೂರು ಸಲ ಏರಿ ಇಳಿದೆ. ಬೇರೆಯವರನ್ನು ಕೂರಿಸಿಕೊಳ್ಳುವ ಮೊದಲು 90 ದಿನದೊಳಗೆ ಮೂರು ಸಲ ಏರಿ ಇಳಿದಿರಬೇಕು ಅನ್ನುವ ನಿಯಮದ ಪ್ರಕಾರ ಬೇಕಿರಲಿಲ್ಲ, ನನ್ನ ಅವಧಿ ಇನ್ನೂ ಇತ್ತು. ಡಾಕ್ಟರ್ ಬರೆದದ್ದು ತಲೆಯಲ್ಲಿತ್ತು. ಮೊದಲನೆಯದರಲ್ಲಿ ಸ್ವಲ್ಪ ಎತ್ತರದಲ್ಲೇ ತೇಲಿಸಿದೆ, ಮೂರನೆಯದು ಚೆನ್ನಾಗಿ ಕೂತಿತು. ಆಮೇಲೆ ಬೇಲಿ ಹತ್ತಿರ ಕಾಯುತ್ತಿದ್ದ ಮಗಳನ್ನು ಕರೆದುಕೊಂಡು ಕೊಲಂಬಿಯಾಕ್ಕೆ ಹೊರಟೆ.

ಆಲ್ಟಮಾಂಟ್ ಗುಡ್ಡಗಳ ಗಾಳಿಯಂತ್ರಗಳು ಒಂದೂ ತಿರುಗುತ್ತಿರಲಿಲ್ಲ. ಅವನ್ನು ದಾಟಿದರೆ ಕಣಿವೆ ಪೂರ್ತಿ ಮಂಜು. ಚಳಿಗಾಲದಲ್ಲಿ ಇಲ್ಲಿ ನೆಲಕ್ಕೆ ಅಂಟಿಕೊಂಡ ಹಾಗೆ ಮಂಜು ಕೂರುತ್ತದೆ, ಟೂಲಿ ಫಾಗ್ ಅನ್ನುತ್ತಾರೆ. ಕೆಳಗೆ ಇಳಿಯಲು ಜಾಗ ಕಾಣುತ್ತಿಲ್ಲ ಅಂತ ನಾನು ತಿರುಗಿಸಿ, ಮಂಜು ಮುಗಿದು ಬಿಸಿಲಿದ್ದ ದಕ್ಷಿಣದ ಕಡೆ ಹಿಡಿದು ಸುತ್ತಿಕೊಂಡು ಹೋದೆ. ಹದಿನೈದು ನಿಮಿಷ ಜಾಸ್ತಿ ಆಯಿತು. ಯಾಕೆ ಸುತ್ತುತ್ತಿದ್ದೀಯ ಅಂತ ಮಗಳು ಕೇಳಿದಳು. ಇಂಜಿನ್ ನಿಂತರೆ ಎಲ್ಲಿ ಇಳಿಯುತ್ತೇನೆ ಅಂತ ಯಾವಾಗಲೂ ಒಂದು ಜಾಗ ಕಣ್ಣಲ್ಲಿ ಇಟ್ಟುಕೊಂಡಿರಬೇಕು ಅಂದೆ. ಅಲ್ಲಿಂದ ಮುಂದೆ ಅವಳೇ ಹೊಲಗಳನ್ನು ಆರಿಸಿ ತೋರಿಸುತ್ತಾ ಬಂದಳು. ಒಂದೆರಡು ಕಡೆ ಕರೆಂಟ್ ತಂತಿ ಇರುವುದನ್ನು ನನಗಿಂತ ಮೊದಲೇ ನೋಡಿದಳು.

ಕೊಲಂಬಿಯಾ ಗೊತ್ತಿಲ್ಲದವರಿಗೆ: ಸಿಯೆರಾ ಬೆಟ್ಟಗಳ ಬುಡದಲ್ಲಿ, 1850ರ ಚಿನ್ನದ ಭರಾಟೆಯಲ್ಲಿ ಹುಟ್ಟಿದ ಊರು. ಏರ್‌ಪೋರ್ಟಿನಲ್ಲಿ ಒಂದು ಹುಲ್ಲಿನ ರನ್‌ವೇ ಇದೆ, ವಿಮಾನದ ಪಕ್ಕದಲ್ಲೇ ಟೆಂಟ್ ಹಾಕಬಹುದು. ಊರಿಗೆ ನಡೆದೇ ಹೋದೆವು. ಹೆಂಡತಿ ಕಟ್ಟಿಕೊಟ್ಟಿದ್ದ ಚಪಾತಿ, ಬದನೆಕಾಯಿ ಪಲ್ಯ ಮರದ ಬೆಂಚಿನ ಮೇಲೆ ಕೂತು ತಿಂದೆವು. ಅಲ್ಲಿ ಫೋನ್ ಸಿಗ್ನಲ್ ಬಂದು ಹೋಗುತ್ತಿತ್ತು. ಮೂರು ಗಂಟೆ ಹೊತ್ತು ನಾನು ಅದನ್ನು ಜೇಬಿನಿಂದ ತೆಗೆಯಲಿಲ್ಲ.

ಸಂಜೆ ಪಾಲುದಾರರಿಬ್ಬರ ಜೊತೆ ಮಾತಾಡಿದೆ. ಪಾಲು ಇಟ್ಟುಕೊಳ್ಳುತ್ತಿದ್ದೇನೆ. ಹಾರಿದ ಪ್ರತಿ ಗಂಟೆಗೆ 20 ಡಾಲರ್ ಇಂಜಿನ್ ನಿಧಿಗೆ ಅಂತ ಒಪ್ಪಿಕೊಂಡೆವು. ಇಲ್ಲಿಯವರೆಗೆ ಕೂಡಿಟ್ಟದ್ದೂ ಸ್ವಲ್ಪ ಇದೆ. ನಾಲ್ಕನೆಯವರು ಸಿಕ್ಕರೆ ಸೇರಿಸಿಕೊಳ್ಳುತ್ತೇವೆ, ಅವಸರ ಇಲ್ಲ. ಬುಕಿಂಗ್ ಆ್ಯಪ್ ಬಿಟ್ಟು ಮೊದಲಿನ ಹಾಗೆ ಒಂದು ಡೈರಿ ಇಡೋಣ ಅಂದೆ. ಒಬ್ಬರು ಒಪ್ಪಿದರು, ಇನ್ನೊಬ್ಬರು ದೂರದಿಂದ ಬರುವವರು, ಅವರಿಗೆ ಆ್ಯಪೇ ಬೇಕು. ಅದು ಹಾಗೇ ಇರಲಿ. ಆಫೀಸಿನಲ್ಲಿ ಶನಿವಾರದ ಪಾಳಿಯನ್ನು ಬುಧವಾರಕ್ಕೆ ಬದಲಾಯಿಸಿಕೊಡಿ ಅಂತ ಮ್ಯಾನೇಜರ್‌ಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಮುಚ್ಚಳಕ್ಕೆ ಹೊಸ ರಬ್ಬರ್ ಹಾಕಿದ್ದೇವೆ. ನಿನ್ನೆ ರಾತ್ರಿ ಮಳೆ ಬಂತು, ಬೆಳಿಗ್ಗೆ ಪಾಲುದಾರರು ತೆಗೆದು ನೋಡಿದರೆ ಎರಡೂ ಕಡೆ ಚೊಕ್ಕ ನೀಲಿ. ಈ ಶನಿವಾರ ಆಯಿಲ್ ಬದಲಾಯಿಸುತ್ತೇವೆ. ಸ್ಕ್ರೂ ಜೋಡಿಸುವ ತಟ್ಟೆ ಮಗಳು ಹಿಡಿದುಕೊಳ್ಳುತ್ತಾಳಂತೆ. ತಾತ, ಫಿಲ್ಟರ್ ಕತ್ತರಿಸಿದ ಮೇಲೆ ಪದರದ ಫೋಟೋ, ನಾಲ್ಕು ವಾಲ್ವಿನ ಫೋಟೋ ಎಲ್ಲ ಇಲ್ಲೇ ಹಾಕುತ್ತೇನೆ. ನೋಡಿ ಹೇಳಿ.